ಹುಳಿ ಬಿಯರು, ಹಳೇ ಪೀಪಾಯಿ, ಮತ್ತೆ ಗೋಧಿ ಬೆಳೆದವನು

ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ, ಊರಲ್ಲಿ ಇರಲಿಲ್ಲ. ಮಗಳು ಬೆಲ್ಜಿಯಂ ದೇಶದ ಲ್ಯೂವೆನ್ ಅನ್ನೋ ಊರಲ್ಲಿ ಕೆಲಸ ಮಾಡ್ತಾಳೆ. ಎರಡು ವರ್ಷದಿಂದ ಕರೀತಾ ಇದ್ದಳು. ಈ ಸಲ ಕೊನೆಕೊಯ್ಲು, ಅಡಿಕೆ ಸುಲಿದು ಒಣಗಿಸೋದು ಎಲ್ಲ ಮುಗಿದ ಮೇಲೆ ನಾನು, ಮನೆಯವಳು ಹೋಗಿ ಬಂದ್ವಿ. ಹೊರಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ತೋಟದ ತುದಿಯಲ್ಲಿ ಹೊಳೆ ಬದಿಗಿರುವ ಅಪ್ಪೆ ಮಾವಿನ ಮರ ಕಡಿಸೋದು. ಅದರ ನೆರಳಿಗೆ ಕೆಳಗಿನ ಎರಡು ಸಾಲು ಅಡಿಕೆಗೆ ಬಿಸಿಲು ಬೀಳಲ್ಲ, ಮಳೆಗಾಲದಲ್ಲಿ ಕೊಳೆ ಶುರುವಾಗೋದೇ ಅಲ್ಲಿಂದ. ಮರ ಕೊಯ್ಯುವವನಿಗೆ ಹೇಳಿ, ವಾಪಸ್ ಬಂದ ವಾರವೇ ಬಾ ಅಂತ ದಿನ ಗೊತ್ತು ಮಾಡಿ ಹೋಗಿದ್ದೆ.

ಅಲ್ಲಿ ಏನೇನು ನೋಡಿದೆ ಅಂತ ಎಲ್ಲ ಬರೆಯೋಕೆ ಹೋಗಲ್ಲ. ಒಂದು ಜಾಗದ ವಿಷಯ ಮಾತ್ರ ಹೇಳ್ತೇನೆ. ಅದು ಬಿಯರ್ ಮಾಡುವ ಮನೆ. ನಗಬೇಡಿ. ನಾನು ಕುಡಿಯುವವನಲ್ಲ ಅಂತ ನಿಮಗೆಲ್ಲ ಗೊತ್ತು. ಮಗಳು "ಅಪ್ಪ, ಇದು ನೀವು ನೋಡಬೇಕಾದ್ದು, ನಮ್ಮನೆ ಭರಣಿ ಕೋಣೆ ಹಾಗೇ ಇದೆ" ಅಂದಳು. ಹೋದ್ವಿ.

ಬ್ರಸೆಲ್ಸ್‌ನ ದೊಡ್ಡ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಆಂಡರ್‌ಲೆಕ್ಟ್ ಅನ್ನುವ ಭಾಗದಲ್ಲಿ, ಒಂದು ಸಾಧಾರಣ ಬೀದಿ. ದೊಡ್ಡ ಬಾಗಿಲು, ಒಳಗೆ ಕತ್ತಲು. ಕಾಂಟಿಯೋನ್ ಅಂತ ಹೆಸರು. 1900ನೇ ಇಸವಿಯಲ್ಲಿ ಪಾಲ್ ಕಾಂಟಿಯೋನ್ ಅನ್ನುವವರು ಶುರು ಮಾಡಿದ್ದು. ಅದೇ ಕುಟುಂಬ ಇವತ್ತಿಗೂ ನಡೆಸ್ತಾ ಇದೆ. ಒಳಗೆ ಹೆಜ್ಜೆ ಇಟ್ಟ ಕೂಡಲೇ ಬಂದ ವಾಸನೆ ಹೇಳಬೇಕು ಅಂದರೆ ಒದ್ದೆ ಮರ, ಹಳೇ ಕಣಜ, ಹುಳಿ ಬಂದ ಗಂಜಿ, ಸ್ವಲ್ಪ ಕೊಟ್ಟಿಗೆ. ಮನೆಯವಳು ನನ್ನ ಮುಖ ನೋಡಿದಳು. ನಮಗೆ ಪರಿಚಯದ ವಾಸನೆಯೇ.

ಇವರು ಮಾಡುವ ಬಿಯರಿಗೆ ಲ್ಯಾಂಬಿಕ್ ಅನ್ನುತ್ತಾರೆ. ಬೇರೆ ಎಲ್ಲ ಬಿಯರಿಗೂ ಇದಕ್ಕೂ ವ್ಯತ್ಯಾಸ ಏನು ಅಂದರೆ, ಇದಕ್ಕೆ ಹೆಪ್ಪು ಹಾಕೋದಿಲ್ಲ. ಉಳಿದ ಕಡೆ ಯೀಸ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅಳತೆ ಮಾಡಿ ಸೇರಿಸ್ತಾರೆ. ಇಲ್ಲಿ ಗಾಳಿಯೇ ಹೆಪ್ಪು. ನಾವು ದೋಸೆ ಹಿಟ್ಟು ರುಬ್ಬಿಟ್ಟು ಮಲಗಿದ ಹಾಗೆ, ಬೆಳಗಾಗುವಷ್ಟರಲ್ಲಿ ಕೆಲಸ ಶುರುವಾಗಿರ್ತದೆ.

ಕ್ರಮ ಹೀಗೆ. ನೂರು ಕೆಜಿ ಧಾನ್ಯದಲ್ಲಿ 65 ಕೆಜಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, 35 ಕೆಜಿ ಹಸಿ ಗೋಧಿ. ಹಸಿ ಅಂದರೆ ಮೊಳಕೆ ಬರಿಸದ್ದು, ಹೊಲದಿಂದ ಬಂದ ಹಾಗೇ. ನುಚ್ಚು ಮಾಡಿ ಬಿಸಿ ನೀರಲ್ಲಿ ಬೇಯಿಸಿ ರಸ ತೆಗೀತಾರೆ. ಆ ರಸವನ್ನು ಹಾಪ್ಸ್ ಹೂವು ಹಾಕಿ ಗಂಟೆಗಟ್ಟಲೆ ಕುದಿಸ್ತಾರೆ. ಹಾಪ್ಸ್ ಹೊಸದಲ್ಲ, ಎರಡು ಮೂರು ವರ್ಷ ಗೋಣಿಯಲ್ಲಿ ಕೂತು ಹಳತಾದದ್ದು. ಕಹಿ ಹೋಗಿರ್ತದೆ, ಆದರೆ ಕೆಡಿಸುವ ಜೀವಿಗಳನ್ನು ತಡೆಯುವ ಗುಣ ಉಳಿದಿರ್ತದೆ. ಆಮೇಲೆ ಏಣಿ ಹತ್ತಿ ಮಾಡಿನ ಕೆಳಗೆ ಹೋಗಬೇಕು. ಅಲ್ಲಿ ತಾಮ್ರದ ದೊಡ್ಡ ತೊಟ್ಟಿ, ಅಗಲ ಜಾಸ್ತಿ, ಆಳ ಕಮ್ಮಿ, ನಮ್ಮ ಆಲೆಮನೆ ಕೊಪ್ಪರಿಗೆಯನ್ನು ಚಪ್ಪಟೆ ಮಾಡಿ ಕೋಣೆ ತುಂಬಾ ಹಾಸಿದ ಹಾಗೆ. ಸುಮಾರು 7,500 ಲೀಟರ್ ಹಿಡಿಸ್ತದೆ. ಬಿಸಿ ರಸವನ್ನು ಅದಕ್ಕೆ ತುಂಬಿ, ಗೋಡೆಯ ಕಿಂಡಿ ತೆರೆದಿಟ್ಟು, ರಾತ್ರಿಯಿಡೀ ತಣಿಯೋಕೆ ಬಿಡೋದು. ಆ ರಾತ್ರಿಯ ಚಳಿಗಾಳಿಯಲ್ಲಿ, ಆ ಮಾಡಿನ ಜಂತಿಗಳಲ್ಲಿ ಇರುವ ಯೀಸ್ಟು, ಬ್ಯಾಕ್ಟೀರಿಯಾ ಅದಕ್ಕೆ ಬಂದು ಬೀಳ್ತವೆ. ಬೆಳಿಗ್ಗೆ ಪೀಪಾಯಿಗೆ.

ಇದು ಚಳಿಗಾಲದ ಕೆಲಸ, ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲವರೆಗೆ. ಬೇಸಿಗೆಯಲ್ಲಿ ರಸ ರಾತ್ರಿಯೊಳಗೆ ತಣಿಯಲ್ಲ, ಬೇಡದ ಜೀವಿಗಳೇ ಮೊದಲು ಬಂದು ಕೂರ್ತವೆ. ಹಾಗಾಗಿ ಇವರೂ ನಮ್ಮ ಹಾಗೇ ಆಕಾಶ ನೋಡಿ ಬದುಕುವವರು. 2015ರ ನವೆಂಬರ್‌ನಲ್ಲಿ ಚಳಿಯೇ ಬೀಳದೆ, ಕುದಿಸೋದನ್ನು ಮುಂದಕ್ಕೆ ಹಾಕಬೇಕಾಗಿ ಬಂದಿತ್ತು. ಮಗಳು ಇದನ್ನು ಹೇಳುವಾಗ ನನಗೆ ಔಷಧಿ ಹೊಡೆಯೋಕೆ ಹೊಳವು ಕೊಡದ ನಮ್ಮ ಜುಲೈ ತಿಂಗಳು ನೆನಪಾಯ್ತು.

ಕೆಳಗೆ ಇಳಿದರೆ ಪೀಪಾಯಿ ಕೋಣೆ. ಸಾಲು ಸಾಲು ಓಕ್ ಮರದ ಪೀಪಾಯಿಗಳು, ಹೆಚ್ಚಿನವು ಮೊದಲು ದ್ರಾಕ್ಷಾರಸ ಇಟ್ಟಿದ್ದವು. ಮೇಲೆಲ್ಲ ಧೂಳು, ಮೂಲೆಯಲ್ಲಿ ಜೇಡರ ಬಲೆ. ಬಲೆ ತೆಗೆಯಬಾರದು ಅಂತ ಅಲ್ಲಿಯ ಕಟ್ಟಳೆ. ಹುಳಿ ವಾಸನೆಗೆ, ಹಣ್ಣಿನ ವಾಸನೆಗೆ ಬರುವ ನೊಣಗಳನ್ನು ಜೇಡ ತಿನ್ನುತ್ತದೆ, ಔಷಧಿ ಹೊಡೆದರೆ ಬಿಯರ್ ಮಾಡುವ ಜೀವಿಗಳೂ ಸಾಯ್ತವೆ.

ಪೀಪಾಯಿಯಲ್ಲಿ ಏನಾಗ್ತದೆ ಅಂದರೆ, ಮೊದಲ ದಿನಗಳಲ್ಲಿ ನೊರೆ ಉಕ್ಕಿ ಮೇಲಿನ ತೂತಿನಿಂದ ಹೊರಗೆ ಬರ್ತದೆ. ಅದು ಇಳಿದ ಮೇಲೆ ಬಾಯಿ ಮುಚ್ಚುತ್ತಾರೆ. ಸಾಮಾನ್ಯ ಯೀಸ್ಟು ಸುಲಭದ ಸಕ್ಕರೆ ತಿಂದು ಮುಗಿಸ್ತದೆ. ಹಸಿ ಗೋಧಿಯಿಂದ ಬಂದ ಗಟ್ಟಿ ಪಿಷ್ಟದ ಅಂಶ ಅದಕ್ಕೆ ಜೀರ್ಣ ಆಗಲ್ಲ, ಹಾಗೇ ಉಳೀತದೆ. ಬೇಸಿಗೆ ಬಂದಾಗ ಹುಳಿ ಮಾಡುವ ಬ್ಯಾಕ್ಟೀರಿಯಾ ಎದ್ದು ಕೂರ್ತವೆ. ಆಗ ಕೆಲವು ಪೀಪಾಯಿಗಳಲ್ಲಿ ಬಿಯರ್ ಲೋಳೆ ಲೋಳೆ ಆಗ್ತದಂತೆ, ಎತ್ತಿ ಸುರಿದರೆ ಎಣ್ಣೆ ಹಾಗೆ ಎಳೆ ಬರ್ತದೆ. ನಾವಾದರೆ ಕೆಟ್ಟಿತು ಅಂತ ಚೆಲ್ಲಿ ಬಿಡ್ತಿದ್ವಿ. ಅವರು ಕಾಯ್ತಾರೆ. ಬ್ರೆಟನೋಮೈಸಿಸ್ ಅನ್ನುವ ಇನ್ನೊಂದು ಜಾತಿಯ ಯೀಸ್ಟು ನಿಧಾನಕ್ಕೆ ಆ ಲೋಳೆ, ಆ ಉಳಿದ ಅಂಶ ಎಲ್ಲ ತಿಂದು ತಿಳಿ ಮಾಡ್ತದೆ. ಕುಫೆರಾತ್ ಮತ್ತು ವಾನ್ ಲಾರ್ ಅನ್ನುವ ವಿಜ್ಞಾನಿಗಳು 1921ರಲ್ಲಿ ಈ ಲ್ಯಾಂಬಿಕ್‌ನಿಂದಲೇ ಅದನ್ನು ಬೇರ್ಪಡಿಸಿ ವಿವರಿಸಿದರು. ಅದರ ವೈಜ್ಞಾನಿಕ ಹೆಸರಿನ ಅರ್ಧ ಬ್ರಸೆಲ್ಸ್ ಊರಿನದೇ, ಬ್ರಕ್ಸೆಲೆನ್ಸಿಸ್ ಅಂತ. ಈ ಎಲ್ಲ ಆಗೋಕೆ ಒಂದರಿಂದ ಮೂರು ವರ್ಷ ಬೇಕು. ಒಂದು, ಎರಡು, ಮೂರು ವರ್ಷದ್ದನ್ನು ರುಚಿ ನೋಡಿ ನೋಡಿ ಬೆರೆಸಿ ದಪ್ಪ ಗಾಜಿನ ಬಾಟಲಿಗೆ ತುಂಬ್ತಾರೆ. ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಬಾಟಲಿಯೊಳಗೆ ಮತ್ತೆ ಹುದುಗಿ ನೊರೆ ಹುಟ್ಟುತ್ತದೆ. ಅದಕ್ಕೆ ಗ್ಯೂಜ್ ಅಂತ ಹೆಸರು.

ಇಷ್ಟು ನೋಡಿದ ಮೇಲೆ ರೈತನಾದವನಿಗೆ ಬರುವ ಪ್ರಶ್ನೆ ಒಂದೇ. ಗೋಧಿ ಯಾರದ್ದು? ಹಸಿ ಗೋಧಿಯೇ ಯಾಕೆ? ಅಲ್ಲಿ ಬರೆದು ಹಾಕಿದ್ದನ್ನು ಮಗಳು ಓದಿ ಹೇಳಿದ್ದು, ಆಮೇಲೆ ಮನೆಯಲ್ಲಿ ಕೂತು ಓದಿಕೊಂಡದ್ದು ಸೇರಿಸಿ ಹೇಳ್ತೇನೆ.

ಬ್ರಸೆಲ್ಸ್‌ನ ನೈಋತ್ಯಕ್ಕೆ ಪಯೋಟನ್‌ಲ್ಯಾಂಡ್ ಅಂತ ಏರುತಗ್ಗಿನ ಸೀಮೆ. ಪಕ್ಕದಲ್ಲೇ ಸೆನ್ ನದಿ ಕಣಿವೆ. ಗೋಧಿ, ಬಾರ್ಲಿ, ದನ, ಹಣ್ಣಿನ ಮರ ಎಲ್ಲ ಇದ್ದ ನಾಡು. 1560ರ ದಶಕದಲ್ಲಿ ಬ್ರಸೆಲ್ಸ್‌ನಲ್ಲಿ ವಾಸ ಇದ್ದ ಪೀಟರ್ ಬ್ರೂಗೆಲ್ ಅನ್ನುವ ಚಿತ್ರಕಾರ 1565ರಲ್ಲಿ ಒಂದು ಕೊಯ್ಲಿನ ಚಿತ್ರ ಬರೆದಿದ್ದಾನೆ. ಮಾಗಿದ ಗೋಧಿ, ಮರದ ಬುಡದಲ್ಲಿ ಊಟಕ್ಕೆ ಕೂತ ಆಳುಗಳು, ಒಬ್ಬ ಕಾಲು ಚಾಚಿ ಮಲಗಿದ್ದಾನೆ, ಒಬ್ಬ ಹೂಜಿ ಎತ್ತಿ ಕುಡೀತಾ ಇದ್ದಾನೆ. ಮಗಳು ಫೋನಿನಲ್ಲಿ ತೋರಿಸಿದಳು. ನಮ್ಮ ಗದ್ದೆ ಕೊಯ್ಲಿನ ಮಧ್ಯಾಹ್ನವೇ.

ಆ ನಾಡಿನಲ್ಲಿ ಬಿಯರ್ ಮಾಡೋದು ರೈತನ ಚಳಿಗಾಲದ ಉಪಕಸುಬಾಗಿತ್ತು. ಹೊಲದಲ್ಲಿ ಕೆಲಸ ಇಲ್ಲದ ಕಾಲ, ಕಣಜದಲ್ಲಿ ಧಾನ್ಯ ಇರುವ ಕಾಲ, ರಾತ್ರಿ ಚಳಿ ಇರುವ ಕಾಲ ಮೂರೂ ಒಂದೇ. ರಸ ತೆಗೆದು ಉಳಿದ ಚರಟ ದನಕ್ಕೆ, ದನದ ಗೊಬ್ಬರ ಹೊಲಕ್ಕೆ. ಇವತ್ತು ದೊಡ್ಡ ಹೆಸರು ಮಾಡಿರುವ ಲಿಂಡೆಮನ್ಸ್ ಕಂಪನಿ 1822ರಲ್ಲಿ ವ್ಲೇಜನ್‌ಬೇಕ್ ಊರಿನ ಒಂದು ಜಮೀನಿನಲ್ಲಿ ಹೀಗೇ ಶುರುವಾಗಿದ್ದು. 1930ರವರೆಗೂ ಅವರು ಬೇಸಾಯ ಬಿಟ್ಟಿರಲಿಲ್ಲ.

ಅದೇ 1822ರಲ್ಲಿ ಇನ್ನೊಂದು ಸಂಗತಿ. ಆಗ ಆ ಪ್ರದೇಶ ಡಚ್ ರಾಜನ ಕೈಲಿತ್ತು. ಸರ್ಕಾರ ಧಾನ್ಯ ನೆನೆಸಿ ಬೇಯಿಸುವ ತೊಟ್ಟಿಯ ಅಳತೆಯ ಮೇಲೆ ತೆರಿಗೆ ಹಾಕಿತು. ಎಷ್ಟು ಬಿಯರ್ ಮಾಡಿದೆ ಅಂತ ಅಲ್ಲ, ತೊಟ್ಟಿ ಎಷ್ಟು ದೊಡ್ಡದು ಅಂತ. ಜನ ಏನು ಮಾಡಿದರು? ಚಿಕ್ಕ ತೊಟ್ಟಿಗೇ ಧಾನ್ಯ ತುರುಕಿದರು. ನೀರು ಹಿಡಿಯಲಿಲ್ಲ ಅಂತ ಮಂದವಾದ, ಬಿಳಿ ಗಂಜಿಯಂಥ ರಸವನ್ನು ಸಲ ಸಲ ತೆಗೆದು ಬೇರೆ ಪಾತ್ರೆಯಲ್ಲಿ ಕುದಿಸಿ ಮತ್ತೆ ಸುರಿಯುವ ಕ್ರಮ ಬೇರೂರಿತು. ಪೀಪಾಯಿಯಲ್ಲಿ ಮೂರು ವರ್ಷ ಆ ಜೀವಿಗಳಿಗೆ ಮೇವಾಗುವ ಪಿಷ್ಟ ಈ ಕ್ರಮದಿಂದಲೇ ಸಿಗೋದು. ತೆರಿಗೆ ಕಾನೂನು 1885ರಲ್ಲಿ ಹೋಯ್ತು, ಕ್ರಮ ಉಳೀತು. ಕಾನೂನು ಬಂದು ರುಚಿ ಹುಟ್ಟಿಸ್ತದೆ ಅಂದರೆ ಆಶ್ಚರ್ಯವೇ. ಆದರೆ ಯಾವ ಬೆಳೆ ಹಾಕಬೇಕು, ಯಾವುದು ಕಿತ್ತೆಸೆಯಬೇಕು ಅನ್ನೋದನ್ನು ನಮ್ಮಲ್ಲೂ ಆಮದು ಸುಂಕ, ಸಹಾಯಧನ ತೀರ್ಮಾನ ಮಾಡೋದಿಲ್ವಾ?

1900ರ ಹೊತ್ತಿಗೆ ಅಷ್ಟು ಸಣ್ಣ ದೇಶದಲ್ಲಿ 3,000ಕ್ಕೂ ಹೆಚ್ಚು ಬಿಯರ್ ಮನೆಗಳಿದ್ದವು. ಆಮೇಲೆ ಇಳಿಗಾಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ತಾಮ್ರದ ಕೊಪ್ಪರಿಗೆಗಳನ್ನು ಕಿತ್ತು ಒಯ್ದಿತು. ಎಷ್ಟೋ ಮನೆಗಳು ಮತ್ತೆ ಒಲೆ ಹಚ್ಚಲೇ ಇಲ್ಲ. ಇನ್ನೊಂದು ಕಡೆಯಿಂದ ಹೊಳೆಯುವ, ತಣ್ಣಗಿನ, ಬಂಗಾರ ಬಣ್ಣದ ಲಾಗರ್ ಬಿಯರ್ ಬಂತು. 1842ರಲ್ಲಿ ಬೊಹೀಮಿಯಾದ ಪಿಲ್ಸನ್‌ನಲ್ಲಿ ಹುಟ್ಟಿದ ಜಾತಿ. ಕೆಲವು ವಾರದಲ್ಲಿ ತಯಾರು, ಎಲ್ಲಿ ಕುಡಿದರೂ ಒಂದೇ ರುಚಿ. ಮೂರು ವರ್ಷ ಪೀಪಾಯಿ ಕಾಯುವವನು ಅದರ ಎದುರು ಹೇಗೆ ನಿಲ್ಲಬೇಕು? ಎರಡನೇ ಯುದ್ಧದ ನಂತರ ಜನರ ನಾಲಿಗೆಯೂ ಸಿಹಿಗೆ ತಿರುಗಿತು. ಹುಳಿ ಬಿಯರ್ ಮಾಡುತ್ತಿದ್ದವರಲ್ಲೇ ಹಲವರು ಸೋಸಿ, ಸಿಹಿ ಸೇರಿಸಿ, ಅದೇ ಗ್ಯೂಜ್ ಹೆಸರಲ್ಲಿ ಮಾರತೊಡಗಿದರು. ಹೆಸರು ಹಳೇದು, ಒಳಗಿನದು ಹೊಸದು. ಉಪ್ಪುನೀರು ಕಾಣದ ಯಾವುದೋ ಕಾಯಿಯನ್ನು ವಿನಿಗರ್‌ನಲ್ಲಿ ಅದ್ದಿ ಅಪ್ಪೆಮಿಡಿ ಅಂತ ಮಾರುವವರನ್ನು ನೀವೂ ನೋಡಿದ್ದೀರಿ.

ಕಾಂಟಿಯೋನ್ ಮನೆಯ ಅಳಿಯ ಜ್ಯಾನ್ ಪಿಯರ್ ವಾನ್ ರಾಯ್ ಈ ಇಳಿಗಾಲದಲ್ಲೇ ಕೆಲಸಕ್ಕೆ ಸೇರಿದವರು. ಬ್ರಸೆಲ್ಸ್ ಊರೊಳಗಿನ ಲ್ಯಾಂಬಿಕ್ ಮನೆಗಳು ಒಂದೊಂದಾಗಿ ಮುಚ್ಚಿ, ಕೊನೆಗೆ ಇವರದೊಂದೇ ಉಳಿಯಿತು. 1978ರಲ್ಲಿ ಅವರು ಕೆಲಸ ನಡೆಯುವ ಮನೆಯನ್ನೇ ವಸ್ತುಸಂಗ್ರಹಾಲಯ ಅಂತ ಮಾಡಿ ಬಾಗಿಲು ತೆರೆದರು. ಬನ್ನಿ, ನೋಡಿ, ಇದಕ್ಕೆ ಮೂರು ವರ್ಷ ಯಾಕೆ ಬೇಕು ಅಂತ ತಿಳ್ಕೊಳ್ಳಿ, ಆಮೇಲೆ ಬೇಕಾದರೆ ಕುಡೀರಿ. ಈಗ ಮಗ ಜ್ಯಾನ್ ವಾನ್ ರಾಯ್ ನಡೆಸ್ತಾರೆ. ಜಗತ್ತಿನ ಮೂಲೆ ಮೂಲೆಯಿಂದ ಜನ ಬರ್ತಾರೆ. ಆದರೂ ಇವತ್ತಿಗೂ ಇದು ಸಣ್ಣ ಮನೆಯೇ. ಲ್ಯೂವೆನ್‌ನ ದೊಡ್ಡ ಕಾರ್ಖಾನೆ ಒಂದು ದಿನಕ್ಕೆ ಮಾಡುವಷ್ಟನ್ನು ಇವರು ಇಡೀ ವರ್ಷಕ್ಕೂ ಮಾಡೋದಿಲ್ಲ.

1997ರಲ್ಲಿ ಯುರೋಪಿನ ಒಕ್ಕೂಟ ಇದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. "ಹಳೇ ಗ್ಯೂಜ್", "ಹಳೇ ಕ್ರೀಕ್" ಅಂತ ಬರೆಯಬೇಕಾದರೆ ಸಾಂಪ್ರದಾಯಿಕ ಕ್ರಮದಲ್ಲೇ ಮಾಡಿರಬೇಕು. ಇಷ್ಟು ಪಾಲು ಹಸಿ ಗೋಧಿ ಇರಲೇಬೇಕು, ಇಷ್ಟು ಕಾಲ ಮರದಲ್ಲಿ ಇಟ್ಟಿರಲೇಬೇಕು. ಒಳ್ಳೇ ಕಾನೂನು. ಹುಳಿ ಬಿಯರ್ ಉಳಿದದ್ದರಲ್ಲಿ ಇದರ ಪಾಲೂ ಇದೆ.

ಈಗ ಗೋಧಿ ವಿಷಯಕ್ಕೆ ಬರ್ತೇನೆ. ಆ ಕಾನೂನು ಕಾದದ್ದು ಕ್ರಮವನ್ನು. ಗೋಧಿ ಬೇಕು ಅಂದಿತು, ಯಾರ ಹೊಲದ ಗೋಧಿ ಅಂತ ಹೇಳಲಿಲ್ಲ. ಪಯೋಟನ್‌ಲ್ಯಾಂಡ್‌ನ ರೈತ ಆ ಹೊತ್ತಿಗಾಗಲೇ ದನದ ಮೇವಿಗೆ ಹೋಗುವ ಗೋಧಿ ಬೆಳೆಯುವವನಾಗಿದ್ದ. ದೇಶದ ಬಿಯರಿಗೆ ಬೇಕಾದ ಬಾರ್ಲಿ ಹೆಚ್ಚಿನದು ಹೊರಗಿಂದ ಬರ್ತಿತ್ತು. ಬಿಯರಿಗೆ ಮರ್ಯಾದೆ ವಾಪಸ್ ಬಂತು, ಬಾಟಲಿಗೆ ಬೆಲೆ ಬಂತು. ಹೊಲಕ್ಕೆ ಬರಲಿಲ್ಲ.

ಹಣ್ಣಿನ ಕಥೆ ಇನ್ನೂ ಬೇಜಾರು. ಕ್ರೀಕ್ ಅಂದರೆ ಹುಳಿ ಚೆರಿ ಹಣ್ಣು. ಪೀಪಾಯಿಯಲ್ಲಿರುವ ಲ್ಯಾಂಬಿಕ್‌ಗೆ ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ ಇಡೀ ಹಣ್ಣು ಹಾಕಿ ತಿಂಗಳುಗಟ್ಟಲೆ ಬಿಡ್ತಾರೆ. ಇದಕ್ಕೆ ಹೆಸರಾದದ್ದು ಬ್ರಸೆಲ್ಸ್ ಮಗ್ಗುಲಿನ ಸ್ಕಾರ್ಬೇಕ್ ಊರಿನ ಸಣ್ಣ, ಕಪ್ಪು, ಬಲು ಹುಳಿಯ ಚೆರಿ. ಅಲ್ಲಿಯ ರೈತರು ಕತ್ತೆ ಮೇಲೆ ಹಣ್ಣು ಹೇರಿಕೊಂಡು ಪೇಟೆಗೆ ಬರ್ತಿದ್ದರು, ಹಾಗಾಗಿ ಸ್ಕಾರ್ಬೇಕ್‌ಗೆ ಇವತ್ತಿಗೂ ಕತ್ತೆಗಳ ಊರು ಅಂತ ಅಡ್ಡಹೆಸರಿದೆ. ಪಟ್ಟಣ ಬೆಳೀತು, ತೋಟ ಹೋಯ್ತು, ಮನೆ ಬಂದ್ವು. ಮಗಳು ಒಂದು ಸಂಜೆ ಸ್ಕಾರ್ಬೇಕ್‌ಗೂ ಕರೆದುಕೊಂಡು ಹೋದಳು. ಬೀದಿಯುದ್ದಕ್ಕೂ ಚೆರಿ ಮರ ಸಾಲಾಗಿವೆ, ಮೊಗ್ಗು ಬಿಡ್ತಾ ಇದ್ವು. ನನಗೆ ಖುಷಿ ಆಯ್ತು. ಆಮೇಲೆ ಗೊತ್ತಾಯ್ತು, ಅದು ಹೂವಿನ ಚಂದಕ್ಕೆ ನೆಟ್ಟ ಜಪಾನಿ ಚೆರಿ. ಬಿಯರಿಗೆ ಆಗುವ ಹಣ್ಣು ಬಿಡುವ ಜಾತಿ ಅಲ್ಲ. ಸ್ಕಾರ್ಬೇಕ್ ಜಾತಿಯ ಮರಗಳು ಈಗ ಪಯೋಟನ್‌ಲ್ಯಾಂಡ್‌ನ ಹಿತ್ತಿಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಹಣ್ಣು ಸಾಲದೆ ಹೆಚ್ಚಿನ ಚೆರಿ ದೂರದಿಂದ ತರಿಸ್ತಾರೆ.

ಇದನ್ನು ಸರಿ ಮಾಡೋಕೆ ಹೊರಟವರೂ ಇದ್ದಾರೆ. ಬ್ರಸೆಲ್ಸ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಬೇರ್ಸೆಲ್ ಅಂತ ಊರು, ಅಲ್ಲಿ ಮೂರು ಚಿಲುಮೆ ಅನ್ನುವ ಅರ್ಥದ ಹೆಸರಿನ ಡ್ರೀ ಫೋಂಟೇನನ್ ಅನ್ನುವ ಮನೆ. ಆರ್ಮಂಡ್ ಡೆಬೆಲ್ಡರ್ ಅನ್ನುವವರು ಅದನ್ನು ನಡೆಸ್ತಿದ್ದರು. 2009ರ ಮೇ ತಿಂಗಳ ಒಂದು ರಾತ್ರಿ ಬಾಟಲಿ ಕೋಣೆಯ ಉಷ್ಣತೆ ಕಾಯುವ ಯಂತ್ರ ಕೆಟ್ಟು, ಕೋಣೆ ಒಲೆಯಾಗಿ, ಹತ್ತಾರು ಸಾವಿರ ಬಾಟಲಿ ಹಾಳಾದವು. ಎಷ್ಟೋ ಒಡೆದೇ ಹೋದವು. ವರ್ಷಗಟ್ಟಲೆಯ ದುಡಿಮೆ ಒಂದೇ ರಾತ್ರಿಯಲ್ಲಿ. ಕೊಳೆ ಬಂದು ಉದುರಿದ ಅಡಿಕೆ ಗುಡಿಸಿದವರಿಗೆ ಆ ಬೆಳಗು ಹೇಗಿರ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಉಳಿದ, ಕೆಟ್ಟ ಬಿಯರನ್ನು ಬಟ್ಟಿ ಇಳಿಸಿ ಬೇರೆ ಮದ್ಯ ಮಾಡಿ ಮಾರಿದರು. ಸ್ನೇಹಿತರು ಕೈ ಹಿಡಿದರು. 2013ರಲ್ಲಿ ಮತ್ತೆ ತಾವೇ ಕುದಿಸೋಕೆ ಶುರು ಮಾಡಿದರು. 2022ರಲ್ಲಿ ತೀರಿಕೊಂಡರು.

ಆ ಮನೆಯವರು ಸುತ್ತಲಿನ ರೈತರನ್ನು ಸೇರಿಸಿ ಒಂದು ಧಾನ್ಯದ ಕೂಟ ಮಾಡಿದ್ದಾರೆ. ಹಳೇ ಗೋಧಿ ತಳಿ, ಹಳೇ ಬಾರ್ಲಿ ತಳಿಗಳನ್ನು ಹುಡುಕಿ ಅದೇ ಸೀಮೆಯ ಹೊಲಗಳಲ್ಲಿ ಬೆಳೆಸ್ತಾರೆ. ಪೇಟೆ ರೇಟು ನೋಡಿ ಕೊಡೋದಲ್ಲ, ರೈತನ ಜೊತೆ ಕೂತು ದರ ಮಾತಾಡೋದು. ಕಾಂಟಿಯೋನ್‌ನವರು 1999ರಿಂದ ಸಾವಯವ ಧಾನ್ಯಕ್ಕೆ ಹೋದರು, ಅದೂ ಒಂದು ದಾರಿ. ಆದರೆ ನನ್ನ ಮನಸ್ಸಲ್ಲಿ ನಿಂತದ್ದು ಈ ಕೂಟ. ಮೂರು ವರ್ಷ ಪೀಪಾಯಿಯಲ್ಲಿ ದುಡ್ಡು ಹಾಕಿ ಕಾಯೋಕೆ ಗೊತ್ತಿದ್ದವರಿಗೆ, ಹೊಲದವನೂ ಕಾಯ್ತಾನೆ, ಅವನಿಗೂ ಖರ್ಚು ಇದೆ ಅಂತ ಕೊನೆಗೆ ಅರ್ಥ ಆಯ್ತಲ್ಲ.

ಕಾಂಟಿಯೋನ್‌ನಲ್ಲಿ ಸುತ್ತಾಟ ಮುಗಿದ ಮೇಲೆ ರುಚಿ ನೋಡೋಕೆ ಕೊಡ್ತಾರೆ. ಮೊದಲು ಒಂದು ಲೋಟ ಎಳೆ ಲ್ಯಾಂಬಿಕ್, ನೊರೆಯೇ ಇಲ್ಲ, ಸಪ್ಪಗೆ ಕೂತಿರ್ತದೆ. ಆಮೇಲೆ ಗ್ಯೂಜ್. ಒಂದು ಗುಟುಕು ಕುಡಿದೆ, ಸುಳ್ಳು ಹೇಳಲ್ಲ. ಸಿಹಿಯ ಹೆಸರಿಲ್ಲ. ಸಕ್ಕರೆ ಹಾಕದ ನಿಂಬೆ ಪಾನಕ, ಅದರ ಹಿಂದೆ ಒಣಹುಲ್ಲು, ಮರ. ನಾಲಿಗೆ ಬದಿಯಲ್ಲಿ ನೀರೂರಿತು. ಮನೆಯವಳು ವಾಸನೆ ಮಾತ್ರ ನೋಡಿ "ಅಪ್ಪೆಹುಳಿಗೆ ಒಗ್ಗರಣೆ ಹಾಕೋದು ಮರೆತ ಹಾಗಿದೆ" ಅಂದಳು. ಮಗಳು ಅದನ್ನು ಅಲ್ಲಿಯವರಿಗೆ ಹೇಗೆ ಹೇಳಿದಳೋ, ಅವರು ಬಹಳ ನಕ್ಕರು. ಅಪ್ಪೆ ಅಂದರೆ ಏನು ಅಂತ ಕೇಳಿದರು. ಹೊಳೆ ಬದಿಯ ಕಾಡುಮಾವು, ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಮರಕ್ಕೇ ಹೆಸರಿರ್ತದೆ, ಎಳೆ ಮಿಡಿ ಕೊಯ್ದು ಉಪ್ಪಲ್ಲಿ ಹಾಕಿ ಭರಣಿಯಲ್ಲಿ ವರ್ಷ ಇಡ್ತೇವೆ ಅಂದೆ. "ಆ ಮರಗಳನ್ನು ಯಾರು ನೋಡಿಕೊಳ್ತಾರೆ?" ಅಂತ ಕೇಳಿದರು. "ನಾವೇ" ಅಂದುಬಿಟ್ಟೆ. ಹೊರಗೆ ಬಂದ ಮೇಲೆ ಮನೆಯವಳು ಏನೂ ಹೇಳಲಿಲ್ಲ, ಆದರೆ ಮರ ಕೊಯ್ಯುವವನು ಬರುವ ದಿನ ಅವಳಿಗೂ ಗೊತ್ತಿತ್ತು.

ಊರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ನಾನು ಹುಡುಗನಾಗಿದ್ದಾಗ ನಮ್ಮ ಕೇರಿಯ ಹೊಳೆ ಬದಿಯಲ್ಲಿ ಒಂಬತ್ತು ಅಪ್ಪೆ ಮರ ಇತ್ತು. ಈಗ ಎರಡು. ಒಂದು ನನ್ನದು. ಮಿಡಿಗೆ ರೇಟು ಇಲ್ಲ ಅಂತಲ್ಲ. ಆದರೆ ಎಲ್ಲ ವರ್ಷ ಕಾಯಿ ಬಿಡಲ್ಲ, ಹತ್ತುವವರು ಸಿಗಲ್ಲ, ಸಿಕ್ಕಿದವರು ಕೊಂಬೆ ಸಮೇತ ಕಡಿದು ಇಳಿಸ್ತಾರೆ. ಮರ ಉಳಿಸ್ಕೊಂಡವನಿಗೆ ನೆರಳಿನ ನಷ್ಟ ಮಾತ್ರ. ಸಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನಾವೆಲ್ಲ ಖುಷಿಪಟ್ವಿ. ಅಂಥ ಗುರುತು ಹೆಸರನ್ನು ಕಾಯ್ತದೆ. ಮರವನ್ನು ಕಾಯೋದು ಯಾರೋ ಒಬ್ಬನ ತೋಟದ ತುದಿ.

ಮರ ಕೊಯ್ಯುವವನಿಗೆ ಫೋನ್ ಮಾಡಿ ಬೇಡ ಅಂದೆ. ಹೊಳೆ ಕಡೆಯ ಎರಡು ಕೊಂಬೆ ಬಿಟ್ಟು, ತೋಟದ ಕಡೆಗೆ ಚಾಚಿದ್ದನ್ನು ಮಾತ್ರ ಸವರಿಸಿದ್ದೇನೆ. ಕೊಳೆ ಕಮ್ಮಿ ಆಗ್ತದೋ ಇಲ್ಲವೋ ಈ ಮಳೆಗಾಲ ಹೇಳ್ತದೆ, ಆದದ್ದನ್ನು ಆದ ಹಾಗೇ ಇಲ್ಲಿ ಬರೀತೇನೆ. ಆಗಲಿಲ್ಲ ಅಂದರೆ ಆ ಎರಡು ಸಾಲಿನ ನಷ್ಟ ನನ್ನದು.

ಇನ್ನೊಂದು ಮಾತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆ ಮರದ ಕಸಿಕಡ್ಡಿ ತೆಗೀತೇನೆ. ಮಾವಿನ ಗೊರಟು ಹಾಕಿ ಸಸಿ ಮಾಡಿಟ್ಟವರು ಬಂದರೆ ಕಡ್ಡಿ ಹಾಗೇ ಕೊಡ್ತೇನೆ, ದುಡ್ಡು ಬೇಡ. ತೋಟದೊಳಗೆ ಹಾಕಬೇಡಿ, ಬೇಣದ ಅಂಚಿಗೆ, ನೆರಳು ಬಿದ್ದರೂ ತೊಂದರೆ ಇಲ್ಲದ ಜಾಗಕ್ಕೆ ಹಾಕಿ. ಹತ್ತು ಮನೆಯಲ್ಲಿ ಹತ್ತು ಗಿಡ ಆದರೆ, ಮಿಡಿ ವ್ಯಾಪಾರಿ ಬಂದಾಗ ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು ಮಾತಾಡೋ ಬದಲು ಕೂತು ದರ ಮಾತಾಡಬಹುದು. ಇನ್ನೊಂದು ಮರ ಯಾರ ಹಿಸ್ಸೆಯಲ್ಲಿದೆ ಅಂತ ನಿಮಗೆ ಗೊತ್ತು, ಅವರಿಗೂ ಒಂದು ಮಾತು ಹೇಳಿ.

ಸಂಜೆ ಆಯ್ತು, ದನ ಕಟ್ಟಬೇಕು. ಇಲ್ಲಿಗೆ ಸಾಕು.